ಒಂದೇ ಸೆಲ್, ವರ್ಷ ದಾಟಿದ ಇ-ಪೇಪರ್ ಪಂಚಾಂಗ: ನನ್ನ ಅನುಭವ

ಹೋದ ಯುಗಾದಿಗೆ ಗೋಡೆಗೇರಿದ 7.5 ಇಂಚಿನ ಇ-ಪೇಪರ್ ಪಂಚಾಂಗ ಈ ಯುಗಾದಿ ದಾಟಿದರೂ ಚಾರ್ಜ್ ಕೇಳಿಲ್ಲ. ಒಳಗಿರೋದು 18650 ಸೈಜಿನ ಒಂದೇ ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 1500 ಎಂಎಎಚ್. ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್ ಚಿಪ್) ಕಟ್ಟಿದರೆ ಬ್ಯಾಟರಿ ಹತ್ತು ದಿನ ಬಂದರೆ ಹೆಚ್ಚು, ಕನ್ನಡ ಅಂತೂ ಬರೀ ಚೌಕಗಳಾಗಿ ಬರುತ್ತೆ ಅಂತ ಗೊತ್ತಿದ್ದವರೇ ಹೇಳಿದ್ದರು. ಹತ್ತು ದಿನದ ಲೆಕ್ಕ ಸುಳ್ಳಲ್ಲ, ಆದರೆ ಅದು ಡೆವ್ ಬೋರ್ಡಿನ, ಅಂದರೆ ಚಿಪ್ ಜೊತೆ ಯುಎಸ್‌ಬಿ, ರೆಗ್ಯುಲೇಟರ್ ಎಲ್ಲ ಕೂರಿಸಿದ ಸಿದ್ಧ ಬೋರ್ಡಿನ ಲೆಕ್ಕ.

ಡೆವ್ ಬೋರ್ಡ್ ಡೀಪ್ ಸ್ಲೀಪ್‌ಗೆ ಹೋದರೂ ಅದರ ಮೇಲಿನ, ವೋಲ್ಟೇಜನ್ನು 3.3ಕ್ಕೆ ಇಳಿಸಿ ಕೊಡೋ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆ್ಯಂಪ್ ಕುಡಿಯುತ್ತೆ. ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್ ಸೇರಿದರೆ ಹತ್ತರ ಹತ್ತಿರ. ಚಿಪ್ ತಾನು ಕೇಳೋದು 10 ಮೈಕ್ರೋಆ್ಯಂಪ್ ಮಾತ್ರ, ಸಾವಿರದಲ್ಲಿ ಒಂದು ಪಾಲು! ಸಾಲದ್ದಕ್ಕೆ 1117ಗೆ ಒಳಬರೋ ವೋಲ್ಟೇಜ್ ಹೊರಹೋಗೋದಕ್ಕಿಂತ ಒಂದು ವೋಲ್ಟಿಗೂ ಮೇಲೆ ಹೆಚ್ಚಿರಬೇಕು, 3.7ರ ಲಿ-ಅಯಾನ್ ಸೆಲ್ ಕೊಟ್ಟರೆ ವೈಫೈ ಏಳೋ ಹೊತ್ತಿಗೆ ಬ್ರೌನ್‌ಔಟ್, ಅಂದರೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್. ರೆಗ್ಯುಲೇಟರ್ ಬದಲಿಸಿ ನೋಡೋಣ ಅಂತ ಎಚ್‌ಟಿ7333 ಹಾಕಿದ್ದಾಯ್ತು. ನಿದ್ದೆಯಲ್ಲಿ ಚಿನ್ನ, ಎದ್ದಾಗ ಕಬ್ಬಿಣ: ಅದರ ಮಿತಿ 250 ಮಿಲಿಆ್ಯಂಪ್, ವೈಫೈ ಟ್ರಾನ್ಸ್‌ಮಿಟ್ ಪೀಕ್ ಅದನ್ನು ದಾಟುತ್ತೆ.

ಕೊನೆಗೆ ರೆಗ್ಯುಲೇಟರೇ ಬೇಡ ಅನ್ನಿಸಿತು. ಫಾಸ್ಫೇಟ್ ಸೆಲ್ ಚಾರ್ಜ್ ಆಗಿ ಸ್ವಲ್ಪ ಹೊತ್ತು ಬಿಟ್ಟರೆ 3.3, 3.35ಕ್ಕೆ ಬಂದು ನಿಲ್ಲುತ್ತೆ, ಕೊನೆಯವರೆಗೂ ಹೆಚ್ಚುಕಡಿಮೆ ಅಲ್ಲೇ. ಡೆವ್ ಬೋರ್ಡ್ ಬಿಟ್ಟು, ಇಎಸ್‌ಪಿ32 ಚಿಪ್ ಇರೋ ಬರೀ ವ್ರೂಮ್-32ಇ ಮಾಡ್ಯೂಲ್‌ಗೆ 3.0ರಿಂದ 3.6 ವೋಲ್ಟ್ ಒಪ್ಪಿಗೆ. ಹಾಗಾಗಿ ಸೆಲ್‌ನಿಂದ ನೇರ ತಂತಿ, ಮಾಡ್ಯೂಲ್ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಚಿಪ್ ಆನ್ ಮಾಡೋ ಇಎನ್ ಪಿನ್‌ಗೆ 10ಕೆ ಪುಲ್-ಅಪ್ ರೆಸಿಸ್ಟರ್, ಜೊತೆಗೆ 1 ಮೈಕ್ರೋಫ್ಯಾರಡ್. ಕೆಪಾಸಿಟರ್ ಒಳ್ಳೆಯ ಕಂಪನಿಯದ್ದೇ ಇರಲಿ. ಹಳೇ ಬೋರ್ಡಿನಿಂದ ಕಿತ್ತ ಎಲೆಕ್ಟ್ರೊಲಿಟಿಕ್ ಹಾಕಿದರೆ ಅದರ ಲೀಕೇಜ್ ಚಿಪ್ಪಿನ ನಿದ್ದೆಯ ಕರೆಂಟನ್ನೂ ಮೀರಬಹುದು. ಈ ಸೆಲ್ ಚಾರ್ಜಿಗೆ ಟಿಪಿ4056 ಚಾರ್ಜರ್ ತರಲೇಬೇಡಿ, ಅದು 4.2ವರೆಗೆ ತಳ್ಳುತ್ತೆ. ಟಿಪಿ5000 ಮಾಡ್ಯೂಲ್‌ನಲ್ಲಿ 3.6ರ ಆಯ್ಕೆ ಇದೆ. ಆಗಲೂ ಸೆಲ್ ಹೊರಗೆ ತೆಗೆದೇ ಚಾರ್ಜ್ ಮಾಡಬೇಕು, 3.6 ಅಂದರೆ ಮಾಡ್ಯೂಲ್‌ಗೆ ಅಂಚು.

ಪ್ಯಾನೆಲ್ ವೇವ್‌ಶೇರ್ 7.5 ವಿ2, ಕಪ್ಪು-ಬಿಳುಪು, 800×480. ಇದರ ಜೊತೆ ಬರೋ, ಪ್ಯಾನೆಲ್ ಓಡಿಸೋ ಹ್ಯಾಟ್ ಬೋರ್ಡಿನ ಹೊಸ ಆವೃತ್ತಿಯಲ್ಲಿ ಪಿಡಬ್ಲ್ಯೂಆರ್ ಅಂತ ಒಂದು ಪಿನ್ ಇದೆ. ಹಳೇ ಉದಾಹರಣೆ ಕೋಡ್‌ಗಳಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಅದನ್ನು ಹೈ ಮಾಡದಿದ್ದರೆ ತೆರೆ ಖಾಲಿ, ಕೋಡ್ ಮಾತ್ರ ಬ್ಯುಸಿ (BUSY) ಪಿನ್ ಕಾಯುತ್ತಾ ಕೂತಿರುತ್ತೆ. ವಿ2ನಲ್ಲಿ ಬ್ಯುಸಿ ಲೋ ಇದ್ದರೆ ಕೆಲಸ ನಡೀತಿದೆ ಅಂತ ಅರ್ಥ. ಆ ಕಾಯುವ ಲೂಪಿಗೆ 30 ಸೆಕೆಂಡ್ ಮಿತಿ ಹಾಕಿ, ಇಲ್ಲದಿದ್ದರೆ ಒಂದು ಸಡಿಲ ಜಂಪರ್ ಸಾಕು, ಬೆಳಗಾಗೋದರೊಳಗೆ ಸೆಲ್ಲಿನ ಕಥೆ ಮುಗಿಯುತ್ತೆ. ಅದೇ ಪಿಡಬ್ಲ್ಯೂಆರ್‌ಗೆ 100ಕೆ ಪುಲ್-ಡೌನ್ ಕೊಟ್ಟರೆ ನಿದ್ದೆಯಲ್ಲಿ ಪಿನ್ ತೇಲಾಡಿ ಹ್ಯಾಟ್ ಅರೆಬರೆ ಎಚ್ಚರವಾಗೋದು ನಿಲ್ಲುತ್ತೆ. ರಿಫ್ರೆಶ್ ಮುಗಿದ ತಕ್ಷಣ ಪ್ಯಾನೆಲ್‌ಗೆ ಸ್ಲೀಪ್ ಕಮಾಂಡ್ ಹೋಗಲೇಬೇಕು. ಹೈ ವೋಲ್ಟೇಜ್ ಹಾಗೇ ನಿಂತರೆ ಪ್ಯಾನೆಲ್ ಕೆಡುತ್ತೆ.

ಇನ್ನು ಎಫ್‌ಪಿಸಿ ರಿಬ್ಬನ್, ಪ್ಯಾನೆಲ್ಲಿನಿಂದ ಹೊರಬರೋ ತೆಳು ಬಳುಕುವ ಕೇಬಲ್. ಪ್ಯಾನೆಲ್ಲಿಗೆ ಅಂಟಿರೋ ಬುಡದಲ್ಲಿ ಮಡಚಿದಿರೋ, ಐದು ಸಾವಿರ ನೀರುಪಾಲು. ರಿಪೇರಿ ಅನ್ನೋ ಮಾತೇ ಇಲ್ಲ. ಮೊದಲು ರಿಬ್ಬನ್ ಬುಡಕ್ಕೆ ಕ್ಯಾಪ್ಟಾನ್ (Kapton) ಟೇಪ್, ಆಮೇಲೆ ಉಳಿದ ಕೆಲಸ.

ಕನ್ನಡದ ವಿಷಯ. ಅಡಾಫ್ರೂಟ್ ಜಿಎಫ್‌ಎಕ್ಸ್ ಗ್ರಾಫಿಕ್ಸ್ ಲೈಬ್ರರಿಯಲ್ಲಿ ಫಾಂಟ್ ತುರುಕಿ ಒದ್ದಾಡಬೇಡಿ, ಒತ್ತಕ್ಷರ ಜೋಡಿಸೋದು ಅದಕ್ಕೆ ಬರಲ್ಲ. ಮನೆಯ ರಾಸ್ಪ್‌ಬೆರಿ ಪೈ ಜೀರೋ ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿ ಪೈಥಾನಿನ ಚಿತ್ರ ಲೈಬ್ರರಿ ಪಿಲ್ಲೋ ಇಡೀ ಪುಟದ ಚಿತ್ರ ಬರೆಯುತ್ತೆ, ಇಎಸ್‌ಪಿ32 ಬಂದು 48,000 ಬೈಟ್ ತಗೊಂಡು ಜಿಎಕ್ಸ್‌ಇಪಿಡಿ2 ಲೈಬ್ರರಿ ಮೂಲಕ ತೆರೆಗೆ ಸುರಿದು ಮಲಗುತ್ತೆ. ಪಿಲ್ಲೋಗೆ ಒತ್ತಕ್ಷರ ಜೋಡಿಸೋ ರಾಕ್ಮ್ (Raqm) ಬೆಂಬಲ ಇದೆಯಾ ಅಂತ ನೋಡಿಕೊಳ್ಳಿ. ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಲೈಬ್ರರಿ ಸಿಗದಿದ್ದರೆ ಅದು ಎರರ್ ಕೂಡ ಕೊಡದೆ ಬೇಸಿಕ್ ಲೇಔಟ್‌ಗೆ ಇಳಿದುಬಿಡುತ್ತೆ, ಮಾರ್ಗಶಿರದ ಅರ್ಕಾವೊತ್ತು ಕಳಚಿ ಬೀಳುತ್ತೆ. ಚಿತ್ರವನ್ನು ಒಂದು ಬಿಟ್‌ಗೆ ಇಳಿಸುವಾಗ ಡಿದರಿಂಗ್ (ಬೂದು ಬಣ್ಣವನ್ನು ಚುಕ್ಕಿಗಳಲ್ಲಿ ತೋರಿಸೋದು) ತಾನಾಗೇ ಆನ್ ಇರುತ್ತೆ, ಅಕ್ಷರದ ಸುತ್ತ ಚುಕ್ಕಿ ಚೆಲ್ಲಿದ ಹಾಗೆ ಕಾಣೋದು ಅದರಿಂದಲೇ. ಆಫ್ ಮಾಡಿ, ಮೂರು ಪಟ್ಟು ದೊಡ್ಡದಾಗಿ ಬರೆದು ಕುಗ್ಗಿಸಿ ಥ್ರೆಶೋಲ್ಡ್ (ಕಪ್ಪು ಎಲ್ಲಿ, ಬಿಳುಪು ಎಲ್ಲಿ ಅನ್ನೋ ಗಡಿ) ಹಾಕಿ. ನೋಟೋ ಸ್ಯಾನ್ಸ್ ಕನ್ನಡದ ರೆಗ್ಯುಲರ್ ತೂಕ ಸಣ್ಣಕ್ಷರದಲ್ಲಿ ಮುರಿಯುತ್ತೆ, ಸೆಮಿಬೋಲ್ಡ್ ನಿಲ್ಲುತ್ತೆ. ಥ್ರೆಶೋಲ್ಡ್ ಸಂಖ್ಯೆ ಎಷ್ಟು ಅಂತ ನಾನು ಹೇಳಲ್ಲ, ನಿಮ್ಮ ಫಾಂಟ್‌ಗೆ ನೀವೇ ಹುಡುಕಿ. 128 ಅಂತೂ ಅಲ್ಲ. ‘ಜ್ಯೇಷ್ಠ’ ಬರೆದು ನೋಡಿ, ಕೆಳಗಿನ ಒತ್ತು ಕತ್ತರಿಸದೆ ಬಂದರೆ ಸಾಲಿನ ಅಂತರ ಸರಿ ಇದೆ ಅಂತ ಲೆಕ್ಕ. 32 ಪಿಕ್ಸೆಲ್ ಅಕ್ಷರಕ್ಕೆ 50ರ ಆಸುಪಾಸು ಬೇಕಾಯ್ತು. ದೊಡ್ಡ ತಾರೀಖು ಕನ್ನಡ ಅಂಕಿಯಲ್ಲಿ ಸೊಗಸು. ತಿಂಗಳ ಮನೆಗಳಲ್ಲಿ ಮಾತ್ರ ೬, ೯ ದೂರದಿಂದ ಒಂದೇ ಥರ ಕಾಣುತ್ತವೆ, ಅಲ್ಲಿ ಇಂಗ್ಲಿಷ್ ಅಂಕಿಗೆ ಸೋಲೊಪ್ಪಿದ್ದು.

ತಿಥಿಗೆ ಗ್ರಹಗಳ ಸ್ಥಾನ ಲೆಕ್ಕ ಹಾಕೋ ಸ್ವಿಸ್ ಎಫೆಮೆರಿಸ್ ಸಾಫ್ಟ್‌ವೇರ್. ಚಂದ್ರ-ಸೂರ್ಯರ ಅಂತರವನ್ನು 12 ಡಿಗ್ರಿಯಿಂದ ಭಾಗಿಸಿ, ಸೂರ್ಯೋದಯದ ಹೊತ್ತಿಗೆ ಇರೋದನ್ನು ಹಾಕಿದರಾಯ್ತು. ರಾಹುಕಾಲ ಸೋಮವಾರ ಏಳೂವರೆಯಿಂದ ಒಂಬತ್ತು ಅನ್ನೋ ಕಟ್ಟಿಟ್ಟ ಪಟ್ಟಿ ಬಿಟ್ಟು, ಆ ದಿನದ ಹಗಲನ್ನೇ ಎಂಟು ಪಾಲು ಮಾಡಿ ತೋರಿಸುತ್ತೆ. ಗೋಡೆಯ ಕ್ಯಾಲೆಂಡರಿಗೂ ಇದಕ್ಕೂ ಹತ್ತಾರು ನಿಮಿಷ ವ್ಯತ್ಯಾಸ ಬಂದಾಗ ಮನೆಯಲ್ಲಿ ವಾದ ಗ್ಯಾರಂಟಿ.

ತುಂಬ ಕಾಡಿಸಿದ್ದು ಗಡಿಯಾರ. ಇಎಸ್‌ಪಿ32 ನಿದ್ದೆಯಲ್ಲಿ ನಂಬೋದು ಒಳಗಿನ 150 ಕಿಲೋಹರ್ಟ್ಸ್ ಆರ್‌ಸಿ ಆಸಿಲೇಟರನ್ನು, ಅಷ್ಟೇನೂ ನಿಖರವಲ್ಲದ ಗಡಿಯಾರ ಅದು. ಶೇ. 1 ತಪ್ಪಿದರೂ ದಿನಕ್ಕೆ 14 ನಿಮಿಷ. ನಡುರಾತ್ರಿಗೆ ಎಬ್ಬಿಸಿದರೆ ಹತ್ತು ನಿಮಿಷ ಮೊದಲೇ ಎದ್ದು, ನಿನ್ನೆಯ ಪುಟವನ್ನೇ ಬರೆದುಕೊಂಡು ಮತ್ತೆ ಮಲಗುತ್ತೆ. ಈಗ ಏಳೋದು ಬೆಳಗಿನ ಜಾವ ನಾಲ್ಕೂವರೆಗೆ. ಮುಂದೆ ಎಷ್ಟು ಸೆಕೆಂಡ್ ಮಲಗಬೇಕು ಅನ್ನೋದನ್ನು ಪ್ರತಿ ಸಲ ಪೈ ಹೇಳಿ ಕಳಿಸುತ್ತೆ. ಹಗಲಲ್ಲಿ ಇನ್ನೂ ಎರಡು ಮೂರು ಸಲ ಇಣುಕುತ್ತೆ, ಪುಟ ಬದಲಾಗಿಲ್ಲ ಅಂದರೆ ಪೈ 304 (ಹೊಸದೇನಿಲ್ಲ ಅನ್ನೋ ವೆಬ್ ಸಂಕೇತ) ಅನ್ನುತ್ತೆ, ತೆರೆ ಮುಟ್ಟದೆ ವಾಪಸ್. ಕರೆಂಟ್ ಹೋಗಿ ರೂಟರ್ ಸತ್ತಿದ್ದರೆ 8 ಸೆಕೆಂಡ್ ಮಾತ್ರ ಹುಡುಕಾಟ, ಮುಂದಿನ ಪ್ರಯತ್ನ ಕಾಲು ಗಂಟೆಗೆ, ಆಮೇಲೆ ಗಂಟೆಗೆ. ರೂಟರಿನ ಬಿಎಸ್‌ಎಸ್‌ಐಡಿ (ವೈಫೈ ಗುರುತಿನ ಸಂಖ್ಯೆ), ಚಾನೆಲ್ ಎರಡನ್ನೂ ನಿದ್ದೆಯಲ್ಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿಟ್ಟು ಸ್ಟ್ಯಾಟಿಕ್ ಐಪಿ ಕೊಟ್ಟರೆ ಮೂರ್ನಾಲ್ಕು ಸೆಕೆಂಡಿನ ಕನೆಕ್ಷನ್ ಒಂದರೊಳಗೆ ಮುಗಿಯುತ್ತೆ. ಬ್ಯಾಟರಿ ಅಳೆಯೋದು 34 ಅಥವಾ 35ನೇ ಪಿನ್‌ನಲ್ಲಿರಲಿ, ವೈಫೈ ಓಡುವಾಗ ವೋಲ್ಟೇಜ್ ಅಳೆಯೋ ಎರಡನೇ ಘಟಕ ಎಡಿಸಿ2ರ ಪಿನ್‌ಗಳು ಕೆಲಸಕ್ಕೆ ಬರಲ್ಲ. ಫಾಸ್ಫೇಟ್ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಬದಲಾಗಲ್ಲ, ಹಾಗಾಗಿ ಶೇಕಡಾವಾರು ತೋರಿಸೋ ಆಸೆ ಬಿಡಿ. 3.1ಕ್ಕೆ ಇಳಿದಾಗ ಮೂಲೆಯಲ್ಲಿ ಒಂದು ಗುರುತು ಬಂದರೆ ಸಾಕು.

ಮೀಟರಿನಲ್ಲಿ ಕಂಡದ್ದು: ನಿದ್ದೆಯಲ್ಲಿ ಒಟ್ಟು 40 ಮೈಕ್ರೋಆ್ಯಂಪ್ ಹತ್ತಿರ, ಅಂದರೆ ದಿನಕ್ಕೆ ಸುಮಾರು 1 ಎಂಎಎಚ್. ಎದ್ದ ಹೊತ್ತೆಲ್ಲ ಸೇರಿ ಅದಕ್ಕಿಂತ ಕಡಿಮೆ. ಕಾಗದದ ಮೇಲೆ ಎರಡು ವರ್ಷ ದಾಟುತ್ತೆ. ಸೆಲ್ ತಾನಾಗೇ ಇಳಿಯೋದನ್ನು ಕಳೆದು ಒಂದೂವರೆ ಅನ್ನಿ.

ರಜೆ ದಿನ ಕೆಂಪಿರಬೇಕಲ್ಲ ಅಂತ ಭಾನುವಾರದ ಕಂಬಸಾಲಿನ ಮೇಲೆ ತೆಳು ಕೆಂಪು ಜಿಲೇಟಿನ್ ಹಾಳೆ ಅಂಟಿಸಿದ್ದೂ ಉಂಟು. ಹಗಲಿಗೆ ಚೆನ್ನ, ಟ್ಯೂಬ್‌ಲೈಟಿಗೆ ಕೊಳೆ ಹತ್ತಿದ ಹಾಗೆ. ಕಿತ್ತು, ಈಗ ರಜೆಗೆ ಕಪ್ಪು ಚೌಕದಲ್ಲಿ ಬಿಳಿ ಅಂಕಿ. ಮೂರು ಬಣ್ಣದ ಪ್ಯಾನೆಲ್ ಇದೆ, ಆದರೆ ಒಂದು ರಿಫ್ರೆಶ್‌ಗೆ ಕಾಲು ನಿಮಿಷಕ್ಕೂ ಮೇಲೆ ಮಿಣಮಿಣ ಅನ್ನುತ್ತೆ. ಕಪ್ಪು-ಬಿಳುಪಿನದ್ದಕ್ಕೆ ನಾಲ್ಕೈದು ಸೆಕೆಂಡ್. ಪ್ಯಾನೆಲ್ಲಿಗೆ ಯಾವ ವೋಲ್ಟೇಜ್ ಎಷ್ಟು ಹೊತ್ತು ಅಂತ ಹೇಳೋ ವೇವ್‌ಫಾರ್ಮ್ ಕೋಷ್ಟಕ ತಿದ್ದಿ ಅದನ್ನೂ ಅರ್ಧಕ್ಕಿಳಿಸಿದ್ದೇನೆ. ಆ ಕೋಷ್ಟಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು: ಪ್ಯಾನೆಲ್ ಐದು ಸಾವಿರದ ಆಸುಪಾಸು, ಮಾಡ್ಯೂಲ್ ಇನ್ನೂರೈವತ್ತು, ಸೆಲ್ ನೂರೈವತ್ತು, ಟಿಪಿ5000 ನೂರು, ಬೆಂಗಳೂರಿನ ಎಸ್‌ಪಿ ರೋಡ್ ಚಿಲ್ಲರೆ ಸಾಮಾನು ಇನ್ನೂರು. ಫ್ರೇಮ್ 6×8 ಇಂಚಿನದು, ಮೌಂಟ್ ಬೋರ್ಡ್ ಕಿಂಡಿಯನ್ನು 163×98 ಮಿಲಿಮೀಟರಿಗೆ ಕೊಯ್ಯಿಸಿದರೆ ಸೇರಿ ಮುನ್ನೂರೈವತ್ತು. ಗಾಜು ಪ್ಯಾನೆಲ್ಲಿಗೆ ತಾಗದ ಹಾಗೆ ನಡುವೆ ಎರಡು ಮಿಲಿಮೀಟರ್ ಫೋಮ್ ಪಟ್ಟಿ ಬೇಕೇ ಬೇಕು. ಇಷ್ಟು ಹಣ ಜಾಸ್ತಿ ಅನ್ನೋರು 4.2 ಇಂಚಿನ 400×300 ಪ್ಯಾನೆಲ್ ತಗೊಳ್ಳಿ, ಖರ್ಚು ಅರ್ಧದ ಹತ್ತಿರ ಇಳಿಯುತ್ತೆ. ತಿಥಿ, ನಕ್ಷತ್ರ, ರಾಹುಕಾಲ ಆರಾಮಾಗಿ ಹಿಡಿಸುತ್ತೆ, ತಿಂಗಳ ಪಟ್ಟಿ ಮಾತ್ರ ಬಿಡಬೇಕಾಗುತ್ತೆ.