ನುವಾರ್ ದೃಶ್ಯಕ್ಕೆ ಒಂದೇ ದೀಪ ಸಾಕು

ಫಿಲ್ಮ್ ನುವಾರ್ (ಅಪರಾಧದ ಕಥೆಯನ್ನು ಕಡುನೆರಳಲ್ಲಿ ಹೇಳುವ ಚಿತ್ರಶೈಲಿ) ಅಂದರೆ ಕತ್ತಲೆಯ ಸಿನಿಮಾ ಎಂದುಕೊಂಡು ಇಡೀ ಶಾಟನ್ನೇ ಅಂಡರ್ ಎಕ್ಸ್‌ಪೋಸ್ ಮಾಡಿದರೆ, ಅಂದರೆ ಬೇಕಾದ್ದಕ್ಕಿಂತ ಕಡಿಮೆ ಬೆಳಕಲ್ಲಿ ಚಿತ್ರಿಸಿದರೆ, ಪರದೆ ಮೇಲೆ ಕಾಣುವುದು ಬೂದಿ ಬಳಿದಂಥ ಮುಖ. ನುವಾರ್‌ನಲ್ಲಿ ಬೆಳಕು ಬಿದ್ದ ಕಡೆ ಧಾರಾಳವಾಗಿ ಬೀಳಬೇಕು, ಬೇಡದ ಕಡೆ ಸುಳಿಯಲೂ ಬಾರದು.

1946ರಲ್ಲಿ ಫ್ರೆಂಚ್ ವಿಮರ್ಶಕ ನಿನೋ ಫ್ರಾಂಕ್ ಈ ಹೆಸರನ್ನು ಯುದ್ಧದ ನಂತರ ಪ್ಯಾರಿಸ್‌ಗೆ ಬಂದ ಹಾಲಿವುಡ್ ಚಿತ್ರಗಳಿಗೆ ಬಳಸಿದರು. ಅವುಗಳಲ್ಲಿ ಬಿಲ್ಲಿ ವೈಲ್ಡರ್ ಅವರ 'ಡಬಲ್ ಇಂಡೆಮ್ನಿಟಿ' (1944) ಕಲಿಯುವವರಿಗೆ ದೊಡ್ಡ ಪಾಠ. ಕ್ಯಾಲಿಫೋರ್ನಿಯಾದ ಬಿಸಿಲು ಬ್ಲೈಂಡ್‌ನ (ಕಿಟಕಿಯ ಅಡ್ಡಪಟ್ಟಿಗಳ ಪರದೆ) ಸಂದಿಗಳಿಂದ ಮಬ್ಬು ಕೋಣೆಯೊಳಗೆ ಬಂದು ಇನ್ಶೂರೆನ್ಸ್ ಏಜೆಂಟನ ಮೈಮೇಲೆ ಪಟ್ಟೆ ಎಳೆಯುತ್ತದೆ. ಜೈಲಿಗೆ ಹೋಗುವ ಮೊದಲೇ ಕಂಬಿ ಬಿದ್ದ ಹಾಗೆ. ಆ ಪಟ್ಟೆಯನ್ನು ನಾವೂ ಮಾಡಬಹುದು.

ಮೊದಲು ಕೋಣೆ ನೋಡಿ. ಬಿಳಿ ಗೋಡೆ ನುವಾರ್‌ನ ಶತ್ರು. ಬಿದ್ದ ಬೆಳಕನ್ನೆಲ್ಲ ವಾಪಸ್ ಎಸೆದು ನೆರಳನ್ನು ತೊಳೆದುಬಿಡುತ್ತದೆ. ನಟರ ನೆರಳಿನ ಬದಿಗೆ, ಫ್ರೇಮಿನ ಹೊರಗೆ, ಕಪ್ಪು ಬಟ್ಟೆ ಇಳಿಬಿಡಿ. ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.

ದೀಪದ ಮೂಲ ಚಿಕ್ಕದಿರಬೇಕು. ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಿ ಮೆದು ಮಾಡುವ ಬಟ್ಟೆಯ ಪೆಟ್ಟಿಗೆ), ರಿಫ್ಲೆಕ್ಟರ್ ಎರಡನ್ನೂ ತೆಗೆದ ಸಿಒಬಿ ಎಲ್‌ಇಡಿ (ಚಿಪ್‌ಗಳೆಲ್ಲ ಒಂದೇ ಚಿಕ್ಕ ಜಾಗದಲ್ಲಿ ಕೂಡಿರುವ ದೀಪ) ಸರಿಹೋಗುತ್ತದೆ. ಬ್ಲೈಂಡ್‌ನಿಂದ 3 ಮೀಟರ್ ಹಿಂದೆ ದೀಪ, 1 ಮೀಟರ್ ಮುಂದೆ ನಟರು. ಈ ಅಳತೆಯಲ್ಲಿ 2.5 ಸೆಂ.ಮೀ. ಮೂಲದಿಂದ ಬರುವ ನೆರಳಿನ ಅಂಚು 1 ಸೆಂ.ಮೀ. ಕೂಡ ಮಸುಕಾಗುವುದಿಲ್ಲ. ಅದೇ ಜಾಗದಲ್ಲಿ 60 ಸೆಂ.ಮೀ. ಸಾಫ್ಟ್‌ಬಾಕ್ಸ್ ಇಟ್ಟರೆ ಅಂಚು 20 ಸೆಂ.ಮೀ. ಹರಡಿ ಪಟ್ಟೆಗಳೇ ಮಾಯ. ಬ್ಲೈಂಡ್ ಇಲ್ಲವೇ? ದಪ್ಪ ರಟ್ಟಿನಲ್ಲಿ 5 ಸೆಂ.ಮೀ. ಪಟ್ಟಿ, 5 ಸೆಂ.ಮೀ. ಸಂದಿ ಕತ್ತರಿಸಿಕೊಳ್ಳಿ. ಸಂದಿಯ ಬೆಳಕು ಒಂದು ಕಣ್ಣಿನ ಮೇಲಾದರೂ ಬೀಳುವಂತೆ ರಟ್ಟನ್ನು ಮೇಲೆ ಕೆಳಗೆ ಸರಿಸಿ. ಇದಕ್ಕೆ ತಾಳ್ಮೆ ಬೇಕು, ಆತುರಪಡಬೇಡಿ.

ಎಕ್ಸ್‌ಪೋಷರ್ ಅಳೆಯುವುದು ಬೆಳಗಿದ ಕೆನ್ನೆಯಲ್ಲಿ. ನೆರಳಿನ ಕೆನ್ನೆ ಅದಕ್ಕಿಂತ ಮೂರು ಸ್ಟಾಪ್ ಕೆಳಗಿರಲಿ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಮೂರು ಇಳಿದರೆ 8:1. ಮೊಬೈಲ್‌ನಲ್ಲಾದರೆ ಎಚ್‌ಡಿಆರ್ (ನೆರಳು-ಬೆಳಕಿನ ಅಂತರ ಕುಗ್ಗಿಸುವ ಸೌಲಭ್ಯ) ಆಫ್ ಮಾಡಿ, ಕೆನ್ನೆಯ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಾನಾಗಿ ನೆರಳನ್ನು ಎತ್ತುತ್ತದೆ. ಕತ್ತಲಾಯಿತೆಂದು ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದರೂ ಬರುವುದು ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಮಾತ್ರ.

ಇಷ್ಟೆಲ್ಲ ಮಾಡಿಯೂ ಕಥೆಯಲ್ಲಿ ಆ ಗುಣವಿಲ್ಲದಿದ್ದರೆ ಅದು ಪಟ್ಟೆಪಟ್ಟೆ ಥ್ರಿಲ್ಲರ್ ಅಷ್ಟೇ. ತಪ್ಪೆಂದು ಗೊತ್ತಿದ್ದೂ ಕಾಲಿಡುವ ಮನುಷ್ಯ, ಬಿಡಿಸಿಕೊಳ್ಳಲು ಹೋದಷ್ಟೂ ಬಿಗಿಯುವ ಕುಣಿಕೆ: ನುವಾರ್‌ನ ಜೀವ ಇಲ್ಲಿದೆ. ಅದಕ್ಕೇ 'ಚೈನಾಟೌನ್' (1974) ಬಣ್ಣದಲ್ಲಿ, ಸುಡುಬಿಸಿಲಲ್ಲಿ ನಡೆದರೂ ನುವಾರ್. ಹಾಲಿವುಡ್‌ ತನಗೆ ತಾನೇ ಹಾಕಿಕೊಂಡಿದ್ದ ಹಳೆಯ ಸೆನ್ಸಾರ್ ನಿಯಮಾವಳಿ, ಪ್ರೊಡಕ್ಷನ್ ಕೋಡ್ ಪ್ರಕಾರ ಪಾಪಿಗೆ ಶಿಕ್ಷೆ ಆಗಲೇಬೇಕಿತ್ತು. 1968ರಲ್ಲಿ ಆ ಕೋಡ್ ಹೋಯಿತು, ಈ ಚಿತ್ರದ ಶ್ರೀಮಂತ ಪಾತಕಿ ಕೊನೆಗೆ ಆರಾಮಾಗಿ ಪಾರಾಗುತ್ತಾನೆ.

'ಬ್ಲೇಡ್ ರನ್ನರ್' (1982) ಥರ ಬಣ್ಣದಲ್ಲಿ, ಹೊಗೆ ಸೀಳಿ ಬರುವ ಬೆಳಕಿನ ಕೋಲು ಬೇಕಿದ್ದರೆ ತೆಳು ಹೊಗೆ ಬಿಡುವ ಹೇಜ್ ಮೆಷಿನ್ ತನ್ನಿ, ದೀಪವನ್ನು ನಟರ ಹಿಂದಿನಿಂದ ಕ್ಯಾಮೆರಾದ ಕಡೆಗೆ ಓರೆಯಾಗಿ ತಿರುಗಿಸಿ. ಮುಂದಿನಿಂದ ಬಿಟ್ಟರೆ ಕೋಲು ಅಷ್ಟಾಗಿ ಕಾಣದು. ಫ್ಯಾನ್ ನಿಲ್ಲಿಸಿ, ಹೊಗೆ ಸಮನಾಗಿ ಹರಡುವವರೆಗೆ ಕಾದು ಆಮೇಲೆ ರೋಲ್ ಮಾಡಿ. ಪ್ರತಿ ಟೇಕಿಗೂ ಹೊಗೆ ಅಷ್ಟೇ ಇದೆಯೇ ಎಂದು ಮಾನಿಟರ್‌ನಲ್ಲಿ ಹೋಲಿಸಿ. ಹೆಚ್ಚುಕಡಿಮೆಯಾದರೆ ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡಿಕೊಳ್ಳುವುದಿಲ್ಲ.