ಒಗ್ಗರಣೆ ಇಲ್ಲದ ಇಪ್ಪತ್ತನೆಯ ಸೀಸನ್

ಕಾರ್ಟೂನ್ ಧಾರಾವಾಹಿ ‘ದ ಸಿಂಪ್ಸನ್ಸ್’ ಇಪ್ಪತ್ತನೆಯ ಸೀಸನ್ನಿನ ಡಿವಿಡಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 2010ರ ಜನವರಿ 12ರಂದು. ಆಗ ನಾವು ನ್ಯೂಜೆರ್ಸಿಯಲ್ಲಿದ್ದೆವು. ಆ ಶನಿವಾರವೇ ತಂದು, ಊಟ ಮುಗಿಸಿ, ಮೊದಲ ಡಿಸ್ಕ್ ಹಾಕಿ ಮೆನುವಿನಲ್ಲಿ ಕಾಮೆಂಟರಿ, ಅಂದರೆ ಕಂತು ಓಡುತ್ತಿರುವಾಗಲೇ ಅದನ್ನು ಮಾಡಿದವರು ಆಡುವ ಮಾತು, ಹುಡುಕಿದೆ. ಇಲ್ಲ. ಎರಡನೆಯ ಡಿಸ್ಕ್‌ನಲ್ಲೂ ಇಲ್ಲ. ಇಪ್ಪತ್ತು ವರ್ಷ ತುಂಬಿದ ವಿಶೇಷ ಕಾರ್ಯಕ್ರಮದ ಒಂದು ಮುನ್ನೋಟ ಮಾತ್ರ ಇತ್ತು. ಆ ಕಾರ್ಯಕ್ರಮವೋ, ಡಿಸ್ಕ್ ಮಾರಾಟಕ್ಕೆ ಬರುವ ಎರಡು ದಿನ ಮೊದಲೇ ಟಿವಿಯಲ್ಲಿ ಬಂದು ಹೋಗಿತ್ತು!

ನನಗೆ ಕಾಮೆಂಟರಿಯೇ ಊಟ, ಕಂತು ನೆಪ. 2001ರಲ್ಲಿ ಬಂದ ಮೊದಲ ಸೀಸನ್ನಿನಿಂದ ಹನ್ನೆರಡನೆಯದರವರೆಗೆ ಪ್ರತಿ ಕಂತಿಗೂ ಅದು ಇತ್ತು. ಸರಣಿಯ ಜನಕ ಮ್ಯಾಟ್ ಗ್ರೇನಿಂಗ್, ಬರಹಗಾರ-ನಿರ್ಮಾಪಕ ಆಲ್ ಜೀನ್ ಮತ್ತು ಅವರ ಬಳಗದವರು ಹರಟುತ್ತಾ, ಈ ನಗೆ ಯಾವ ಹಳೆಯ ಧಾರಾವಾಹಿಯನ್ನು ಅಣಕಿಸುತ್ತದೆ, ಹಿಂದೆ ಕಾಣುವ ಆ ಮುಖ ಯಾರದು ಎಂದೆಲ್ಲ ಹೇಳುತ್ತಿದ್ದರು. ಹಾಸನದಿಂದ ಹೋದವನಿಗೆ ಅಮೆರಿಕವನ್ನು ಓದಲು ಕಲಿಸಿದ ಮೇಷ್ಟ್ರುಗಳು ಅವರು. 2009ರ ಆಗಸ್ಟ್‌ನಲ್ಲಿ ಹನ್ನೆರಡನೆಯದು ಬಂದ ಮೇಲೆ, ಹದಿಮೂರನ್ನು ಬಿಟ್ಟು ನೇರವಾಗಿ ಇಪ್ಪತ್ತಕ್ಕೆ ಹಾರಿದ್ದರು. ವಾರ್ಷಿಕೋತ್ಸವದ ಅವಸರಕ್ಕೆ ಒಗ್ಗರಣೆ ಹಾಕದೆ ಸಾರು ಬಡಿಸಿದರೆಂದೇ ನನ್ನ ಲೆಕ್ಕ.

“ಯಾರೂ ಹೇಳದಿದ್ದರೆ ನೀವೇ ಕಂಡುಹಿಡಿಯಿರಿ” ಎಂದಳು ಹೆಂಡತಿ. ಮರುದಿನ ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಪುಟದಲ್ಲಿ ನಿಮಿಷ, ಸೆಕೆಂಡು ಮತ್ತು ಪರದೆಯಲ್ಲಿ ಕಂಡದ್ದು, ಬಲಪುಟ ಉತ್ತರಕ್ಕೆ. ಮೊದಲ ಸಲ ಪೆನ್ನು ಮುಟ್ಟದೆ ನೋಡುತ್ತಿದ್ದೆ. ಎರಡನೆಯ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು. ಮೂರನೆಯ ಸಲ, ಬೀದಿಯ ನಾಮಫಲಕಗಳ ಬಳಿ ನಿಲ್ಲಿಸಿ, ಒಂದೊಂದೇ ಚೌಕಟ್ಟು ಮುಂದೆ ತಳ್ಳುತ್ತಾ. ಶುರುವಿನಲ್ಲಿ ಕಂಡದ್ದೆಲ್ಲ ಬರೆದು ಒಂದೇ ಕಂತಿಗೆ ಹದಿನಾಲ್ಕು ಪುಟ ತುಂಬಿಸಿದ್ದೆ, ಶುದ್ಧ ಗುಮಾಸ್ತಗಿರಿ. ಆಮೇಲೆ ಒಂದೇ ನಿಯಮ ಇಟ್ಟುಕೊಂಡೆ: ಇಲ್ಲೊಂದು ನಗೆ ಇದೆ ಎಂದು ಗೊತ್ತಾಗಬೇಕು, ಆದರೆ ನನಗೆ ನಗು ಬಂದಿರಬಾರದು. ಅಂಥದ್ದನ್ನು ಮಾತ್ರ ಬರೆಯುವುದು.

ಆರನೆಯ ಕಂತು ಸಾರ್ಥಕ ಅನ್ನಿಸಿತು. ಲೀಸಾ ಪದಬಂಧದ ಸ್ಪರ್ಧೆಗೆ ಹೋಗುತ್ತಾಳೆ, ಅಪ್ಪ ಹೋಮರ್ ಅವಳ ವಿರುದ್ಧವೇ ಬಾಜಿ ಕಟ್ಟುತ್ತಾನೆ, ಕೊನೆಗೆ ನ್ಯೂಯಾರ್ಕ್ ಟೈಮ್ಸ್‌ನ ಪದಬಂಧದೊಳಗೆ ಅಡಗಿಸಿದ ಮಾತಿನಲ್ಲಿ ಕ್ಷಮೆ ಕೇಳುತ್ತಾನೆ. ಕಂತಿನಲ್ಲಿ ಬರುವ ಮರ್ಲ್ ರೀಗಲ್, ವಿಲ್ ಶಾರ್ಟ್ಸ್ ಇಬ್ಬರೂ ನಿಜವಾದ ಪದಬಂಧದ ಮಂದಿ, ದನಿಯೂ ಅವರದೇ ಎಂಬುದು ಬೇಗ ತಿಳಿಯಿತು. ಹಾಗಾದರೆ ಆ ಪದಬಂಧ? ಕಂತು ಪ್ರಸಾರವಾದದ್ದು 2008ರ ನವೆಂಬರ್ 16, ಭಾನುವಾರ. ಊರಿನ ಗ್ರಂಥಾಲಯದಲ್ಲಿ ಆ ದಿನದ ಸಂಚಿಕೆ ತೆಗೆಸಿದೆ. ಇತ್ತು! ರೀಗಲ್ ರಚಿಸಿದ ಅದೇ ಪದಬಂಧ, ಕರ್ಣರೇಖೆಯಲ್ಲಿ ದಡ್ಡ ಅಪ್ಪನ ಕ್ಷಮಾಪಣೆ. ಕಂತು ನೋಡದೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು ಬಿಡಿಸಿದವರೆಷ್ಟೋ. ಜೆರಾಕ್ಸ್ ಮಾಡಿಸಿ ತಂದೆ. ಕನ್ನಡ ಪತ್ರಿಕೆಯ ಪದಬಂಧವನ್ನು ಹಟ ಹಿಡಿದು ಮುಗಿಸುವ ನನ್ನ ಹೆಂಡತಿ ಅರ್ಧ ತುಂಬಿಸಿ ಬಿಟ್ಟಳು. ಉಳಿದರ್ಧ ಇಂದಿಗೂ ಖಾಲಿ.

ಹತ್ತನೆಯ ಕಂತಿನಲ್ಲಿ ಚಿತ್ರ ಏಕಾಏಕಿ ಅಗಲವಾಯಿತು. ಟಿವಿ ಕೆಟ್ಟಿತೆಂದು ಒಂದು ಸಂಜೆಯಿಡೀ ಸೆಟ್ಟಿಂಗ್ ತಿರುಗಿಸಿದೆ. ತಪ್ಪು ಟಿವಿಯದಲ್ಲ: ಸರಣಿ ಎಚ್‌ಡಿಗೆ ಬದಲಾದದ್ದೇ ಆ ಕಂತಿನಿಂದ, 2009ರ ಫೆಬ್ರವರಿ 15ರಂದು, ಶೀರ್ಷಿಕೆಯ ದೃಶ್ಯವನ್ನೂ ಹೊಸದಾಗಿ ಬರೆದಿದ್ದರು. ಮೊದಲ ಒಂಬತ್ತು ಕಂತು ಹಳೆಯ ಚೌಕದಲ್ಲಿ, ಉಳಿದ ಹನ್ನೆರಡು ಅಗಲದಲ್ಲಿ. ಬಲಪುಟದಲ್ಲಿ ಕೆಂಪು ಶಾಯಿಯಿಂದ ಬರೆದ ಏಕೈಕ ಟಿಪ್ಪಣಿ ಅದು.

2014ರಲ್ಲಿ ಮೈಸೂರಿಗೆ ಮರಳಿದಾಗ ಇನ್ನೊಂದು ತಾಪತ್ರಯ. ಡಿವಿಡಿಗೆ ಜಗತ್ತನ್ನು ವಲಯಗಳಾಗಿ ಹಂಚಿದ್ದಾರೆ, ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದು. ಅಮೆರಿಕದ ಡಿಸ್ಕ್‌ಗಳ ವಲಯ 1, ನಮ್ಮದು 5. ಇಲ್ಲಿ ಕೊಂಡ ಪ್ಲೇಯರ್ ಮುಖ ತಿರುಗಿಸಿತು. ಕಂಪ್ಯೂಟರಿನ ಡ್ರೈವ್‌ನಲ್ಲಿ ವಲಯವನ್ನು ಐದೇ ಸಲ ಬದಲಿಸಬಹುದು, ಐದನೆಯದು ಕಾಯಂ. ಇದು ತಿಳಿಯುವ ಹೊತ್ತಿಗೆ ನಾನು ಮೂರು ಸಲ ಬದಲಿಸಿಯಾಗಿತ್ತು. ಯುಎಸ್‌ಬಿಗೆ ಸಿಕ್ಕಿಸುವ ಎರಡನೆಯ ಡ್ರೈವ್ ಕೊಂಡು, ವಲಯ 1ಕ್ಕೆ ನಿಲ್ಲಿಸಿ, ಮೇಲೆ ಚೀಟಿ ಅಂಟಿಸಿದೆ. ಹಳೆಯ ಡ್ರೈವ್ ಇಲ್ಲಿನ ಡಿಸ್ಕ್‌ಗಳಿಗೆ. ಮನೆಯಲ್ಲಿ ಬೇರೆ ಯಾರೂ ಚೀಟಿ ಅಂಟಿಸಿದ್ದನ್ನು ಮುಟ್ಟುವಂತಿಲ್ಲ.

2015ರಲ್ಲಿ, ಇನ್ನು ಮುಂದೆ ಡಿಸ್ಕ್ ಬರುವುದಿಲ್ಲ ಎಂಬ ಸುದ್ದಿ ಬಂತು. ಆದರೂ 2017ರ ಡಿಸೆಂಬರ್‌ನಲ್ಲಿ ಹದಿನೆಂಟನೆಯ ಸೀಸನ್ ಬಂತು, ಕಾಮೆಂಟರಿ ಸಮೇತ. ಭಾವಮೈದುನ ಬರುವಾಗ ತಂದುಕೊಟ್ಟ. ಮೊದಲು ನೋಟ್‌ಬುಕ್ ತುಂಬಿಸಿ, ಆಮೇಲೆ ಕಾಮೆಂಟರಿ ಕೇಳಿದೆ. ಮೊದಲ ಕಂತಿನಲ್ಲೇ ನನ್ನ ಮೂರು ಟಿಪ್ಪಣಿ ತಪ್ಪಾಗಿದ್ದವು. ಒಂದನ್ನು ಮಾತ್ರ ಹೊಡೆದುಹಾಕಿಲ್ಲ. ನನ್ನ ಅರ್ಥವೇ ಹೆಚ್ಚು ನಗು ತರುತ್ತಿತ್ತು.