ಜಲ್ಲಿಯ ಏರಿನಲ್ಲಿ ಮೋಟರ್‌ಹೋಮ್ ಹತ್ತಿಸುವ ಮುನ್ನ

ಅಮೆರಿಕದಲ್ಲಿ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಮನೆಯಂಥ ದೊಡ್ಡ ವಾಹನ) ಬಾಡಿಗೆಗೆ ಪಡೆದು ಬೆಟ್ಟದ ಮೇಲಿನ ಸ್ನೇಹಿತರ ಮನೆಗೆ ಹೊರಡುವವರು ಮೊದಲು ಕರಾರುಪತ್ರವನ್ನು ಓದಬೇಕು; ಡಾಂಬರಿಲ್ಲದ ರಸ್ತೆಯಲ್ಲಿ ಓಡಿಸಬಾರದೆಂಬ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಅನುಮತಿಯಿದ್ದರೂ ಗಾಡಿಯನ್ನು ಕೆಳಗೇ ನಿಲ್ಲಿಸಿ, ಏರನ್ನು ಒಮ್ಮೆ ನಡೆದು ನೋಡಿ. ಉದ್ದನೆಯ ಹಲಗೆಯ ಮೇಲಿಟ್ಟ ಮೊಬೈಲಿನ ಮಟ್ಟಮಾಪಕ 10 ಡಿಗ್ರಿ ತೋರಿಸಿದರೆ ಅದು ಸುಮಾರು ಶೇ. 18ರ ಏರು, ಅಂದರೆ 100 ಅಡಿ ಮುಂದೆ ಹೋದರೆ 18 ಅಡಿ ಮೇಲೇರುವಂಥದ್ದು; ಸಡಿಲ ಜಲ್ಲಿಯ ಮೇಲೆ 30 ಅಡಿಯ ವಾಹನಕ್ಕೆ ಅದು ಅತಿಯಾಯಿತೆಂಬುದು ನನ್ನ ಅಭಿಪ್ರಾಯ.

ಏರಿಗಿಂತ ಹೆಚ್ಚು ತೊಂದರೆ ಕೊಡುವುದು ರಸ್ತೆಯೂ ಏರೂ ಕೂಡುವ ಜಾಗ. ಮುಂಭಾಗ ಮೇಲೇರುತ್ತಿದ್ದಂತೆ, ಹಿಂದಿನ ಚಕ್ರಗಳಾಚೆ ಹಲವು ಅಡಿ ಚಾಚಿಕೊಂಡಿರುವ ಹಿಂಭಾಗ ನೆಲಕ್ಕೆ ತಗುಲಿ, ಕೆಳಗಿರುವ ಕೊಳಚೆ ನೀರಿನ ಕೊಳವೆ ಮುರಿಯಬಹುದು (ಆಮೇಲಿನ ವಾಸನೆಯನ್ನು ವರ್ಣಿಸುವುದು ಬೇಡ). ಒಬ್ಬರು ಪಕ್ಕದಲ್ಲಿ ನಿಂತು ಇದೊಂದನ್ನೇ ಗಮನಿಸಲಿ. ವಾಹನದ ಹಿಂದೆ ಮಾತ್ರ ಯಾರೂ ನಿಲ್ಲಬಾರದು.

ಕೆಳಗಿನಿಂದಲೇ ಮೊದಲ ಗೇರಿನಲ್ಲಿ, ಆಕ್ಸಿಲರೇಟರನ್ನು ಹದವಾಗಿ ಒತ್ತುತ್ತ, ನಡುವೆ ನಿಲ್ಲದೆ ಹತ್ತಬೇಕು. ಚಕ್ರಗಳು ಜಾರಿ ಜಲ್ಲಿ ಎರಚತೊಡಗಿದರೆ, ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರದ ಕೆಳಗಿನ ಗುಂಡಿ ಆಳವಾಗುತ್ತದೆ. ಆಗ ನೇರವಾಗಿ, ನಿಧಾನವಾಗಿ ಹಿಂದಕ್ಕೆ ಇಳಿಸುವುದೇ ಸರಿ. ಮುಂಚಕ್ರ ಚಾಲನೆಯ ವಾಹನಗಳಲ್ಲಿ ಏರುವಾಗ ಭಾರ ಹಿಂದಕ್ಕೆ ಸರಿದು ಹಿಡಿತ ತಪ್ಪುವುದರಿಂದ, ದಾರಿ ನೇರವಾಗಿದ್ದರೆ ಹಿಮ್ಮುಖವಾಗಿ ಹತ್ತಿಸುವುದು ಹೆಚ್ಚು ಫಲಕಾರಿ.

ಇಳಿಯುವಾಗಲೂ ಮೊದಲ ಗೇರೇ ಇರಲಿ. ಜೋಡಿ ಹಿಂಚಕ್ರಗಳ ನಡುವೆ ಸಿಲುಕಿದ ಕಲ್ಲು ಟೈರಿನ ಪಕ್ಕವನ್ನು ಕೊರೆಯುತ್ತದೆ. ಹೆದ್ದಾರಿ ಹಿಡಿಯುವ ಮುನ್ನ ಅದನ್ನು ಕಿತ್ತು ತೆಗೆಯಿರಿ.